ಮಣ್ಣಕ್ಕ ಬಾವಿಗೆ ಇಳಿದದ್ದು

ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಪಕ್ಕದ ಮೇಜಿನವಳನ್ನು ಎಲ್ಲರೂ ಮಣ್ಣಕ್ಕ ಎಂದೇ ಕರೆಯುತ್ತಾರೆ. ಆ ಹೆಸರು ಅಂಟಿಕೊಳ್ಳುವುದಕ್ಕೆ ಬಹಳ ಮೊದಲಿನಿಂದಲೂ ನಾನು ಅವಳನ್ನು ಬಲ್ಲೆ. ಇಬ್ಬರದೂ ಒಂದೇ ಕೆಲಸ. ವಾರ್ಡುಗಳಿಂದ ಬರುವ ಕೀವು, ಕಫ, ಮೂತ್ರವನ್ನು ತಟ್ಟೆಗಳಲ್ಲಿ ಬೆಳೆಸಿ, ಅದರಲ್ಲಿ ಯಾವ ರೋಗಾಣು ಇದೆ, ಅದು ಯಾವ ಮದ್ದಿಗೆ ಸಾಯುತ್ತದೆ ಎಂದು ಡಾಕ್ಟರಿಗೆ ತಿಳಿಸುವುದು. ಅಂಗೈಯಗಲದ ತಟ್ಟೆ, ಅದರ ತಳದಲ್ಲಿ ಜೆಲ್ಲಿಯಂಥ ಮೇವು. ಮೇವಿನ ಮೇಲೆ ರೋಗಾಣುವನ್ನು ತೆಳ್ಳಗೆ ಸವರಿ, ಬೇರೆ ಬೇರೆ ಮದ್ದು ಹೀರಿಸಿದ ಕಾಗದದ ಬಿಲ್ಲೆಗಳನ್ನು ಅಲ್ಲಲ್ಲಿ ಇಟ್ಟು ಬೆಚ್ಚಗಿನ ಪೆಟ್ಟಿಗೆಯಲ್ಲಿ ಮುಚ್ಚಿಡುತ್ತೇವೆ. ಬೆಳಗಾಗುವಷ್ಟರಲ್ಲಿ ರೋಗಾಣು ತಟ್ಟೆ ತುಂಬ ಹಬ್ಬಿರುತ್ತದೆ. ಮದ್ದು ನಾಟಿದ ಬಿಲ್ಲೆಯ ಸುತ್ತ ಮಾತ್ರ ಉಂಗುರದಂತೆ ಖಾಲಿ ಜಾಗ ಕಾಣುತ್ತದೆ. ಉಂಗುರ ದೊಡ್ಡದಿದ್ದಷ್ಟೂ ರೋಗಿಯ ಪುಣ್ಯ.

ಅವಳ ಅಪ್ಪ ದರ್ಜಿ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಮಹಡಿ ಮೆಟ್ಟಿಲ ಕೆಳಗೆ ಗೂಡಿನಂಥ ಅಂಗಡಿ. ಎದ್ದು ನಿಂತರೆ ತಲೆ ಮೆಟ್ಟಿಲಿಗೆ ಬಡಿಯುತ್ತದೆ, ಅದಕ್ಕೇ ಇಡೀ ಜೀವಮಾನ ಕೂತೇ ಕಳೆದೆ ಎಂದು ಅವರೇ ನಗುತ್ತಿದ್ದರು. ಸಕ್ಕರೆ ಕಾಯಿಲೆ ಇತ್ತು. ಒಂದು ದಿನ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಕೈಜಾರಿ ಎಡಪಾದದ ಮೇಲೆ ಬಿತ್ತು. ಚಿಂದಿ ಬಟ್ಟೆ ಸುತ್ತಿಕೊಂಡು ಸುಮ್ಮನಾದರು. ಮಗಳಿಗೆ ಗೊತ್ತಾಗುವಷ್ಟರಲ್ಲಿ ಪಾದ ಊದಿ ಬಣ್ಣಗೆಟ್ಟಿತ್ತು. ನಮ್ಮ ಆಸ್ಪತ್ರೆಗೇ ಸೇರಿಸಿದರು. ಗಾಯದ ಕೀವು ನಮ್ಮ ಲ್ಯಾಬಿಗೇ ಬಂತು.

"ಇಲ್ಲಿ ಕೊಡು, ನಾನು ಮಾಡ್ತೀನಿ," ಎಂದೆ.

"ಬೇಡ. ನನ್ನ ಅಪ್ಪಂದು, ನಾನೇ ನೋಡ್ತೀನಿ," ಎಂದಳು.

ಮಾರನೆಯ ಬೆಳಿಗ್ಗೆ ಅವಳು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದಳು. ಎಲ್ಲ ಬಿಲ್ಲೆಗಳೂ ಇಟ್ಟಲ್ಲೇ ಇದ್ದವು. ಯಾವುದರ ಸುತ್ತಲೂ ಉಂಗುರವಿರಲಿಲ್ಲ. ರೋಗಾಣು ಬಿಲ್ಲೆಗಳ ಅಂಚಿನವರೆಗೂ ಹಾಯಾಗಿ ಬೆಳೆದು ಕೂತಿತ್ತು. ಕೊನೆಯ ಅಸ್ತ್ರವೆಂದು ಬೀರುವಿನಲ್ಲಿ ಬೀಗ ಹಾಕಿಡುವ ಮದ್ದಿನ ಬಿಲ್ಲೆಗೂ ಅದೇ ಗತಿ.

"ಒಂದೂ ಇಲ್ಲ ಕಣೆ," ಎಂದಳು. ಅಷ್ಟೇ. ತಟ್ಟೆಯನ್ನು ಮೆಲ್ಲಗೆ ಮುಚ್ಚಿ, ಕೈ ತೊಳೆದು, ತಾನೇ ವಾರ್ಡಿಗೆ ಹೋಗಿ ಡಾಕ್ಟರಿಗೆ ಹೇಳಿ ಬಂದಳು.

ಮೊಣಕಾಲಿನ ಕೆಳಗೆ ಕಾಲು ತೆಗೆದರು. ಜೀವ ಉಳಿಯಿತು. ಎಚ್ಚರವಾದಾಗ ದರ್ಜಿಯಪ್ಪ ಮೊದಲು ಕೇಳಿದ್ದು, "ಎಡಗಾಲೋ ಬಲಗಾಲೋ?"

"ಎಡಗಾಲು ಅಪ್ಪಾ."

"ಹಾಗಾದ್ರೆ ಅಳಬೇಡ. ಮಿಷನ್ ತುಳಿಯೋಕೆ ಬಲಗಾಲು ಇದೆಯಲ್ಲ. ಎಡಗಾಲು ಇಷ್ಟು ವರ್ಷ ಸುಮ್ಮನೆ ಜೊತೆಗೆ ಬರ್ತಾ ಇತ್ತು."

ಒಂಟಿ ಕಾಲಿನಲ್ಲಿ ಹೊಲಿಗೆ ಯಂತ್ರ ತುಳಿಯುವುದು ಅವರು ಹೇಳಿದಷ್ಟು ಸಲೀಸಾಗಿರಲಿಲ್ಲ. ಚಕ್ರ ಹಿಂದಕ್ಕೆ ತಿರುಗಿ ದಾರ ಕಿತ್ತು ಬರುತ್ತಿತ್ತು. ಬೈಯುತ್ತ, ಬೆವರುತ್ತ, ಹಳೆಯ ಚಿಂದಿಗಳ ಮೇಲೆ ನೇರ ಹೊಲಿಗೆ ಹಾಕಿ ಹಾಕಿ ಮತ್ತೆ ಕಲಿತರು. ಮಗಳು ಅದನ್ನು ದಿನವೂ ನೋಡಿದಳು. ಅಪ್ಪನ ಹಟ ಮಗಳಿಗೂ ಬಂದಿತ್ತೆನ್ನುವುದು ಆಮೇಲೆ ನಮಗೆಲ್ಲ ಗೊತ್ತಾಯಿತು.

ಒಂದು ಮಧ್ಯಾಹ್ನ ಚಹಾ ಕುಡಿಯುತ್ತ ಅವಳು ನನಗೆ ಹೇಳಿದಳು: "ನಮ್ಮ ಬೀರುವಿನಲ್ಲಿರೋ ಆಂಟಿಬಯಾಟಿಕ್ಕುಗಳಲ್ಲಿ ಎಷ್ಟೊಂದನ್ನ ಮೊದಲು ಮಾಡಿದ್ದು ಮಣ್ಣಲ್ಲಿರೋ ಬ್ಯಾಕ್ಟೀರಿಯಾ ಕಣೆ. ಜಾಗಕ್ಕೆ, ಊಟಕ್ಕೆ ಒಂದಕ್ಕೊಂದು ಜಗಳ ಆಡೋವಾಗ ಉಗುಳೋ ವಿಷ ಅದು. ಮೇಲಿನ ಮಹಡಿ ಕ್ಯಾನ್ಸರ್ ವಾರ್ಡಿನಲ್ಲಿ ಕೆಂಪು ನೀರಿನ ಥರ ಒಂದು ಮದ್ದು ಹನಿ ಹನಿಯಾಗಿ ಇಳಿಯುತ್ತಲ್ಲ, ಅದೂ ಸಿಕ್ಕಿದ್ದು ಮಣ್ಣಿನ ಬ್ಯಾಕ್ಟೀರಿಯಾದಿಂದಾನೇ. ಅಪ್ಪನ ಕಾಲು ತಿಂದ ರೋಗಾಣೂನ ಕೊಲ್ಲೋ ಜೀವಾನೂ ಎಲ್ಲೋ ಮಣ್ಣಲ್ಲಿ ಕೂತಿರುತ್ತೆ. ನಾನು ಹುಡುಕ್ತೀನಿ."

"ಯಾವಾಗ? ಡ್ಯೂಟಿ ಮುಗಿದ ಮೇಲಾ?"

"ಹೂಂ. ಮತ್ತೇನು, ಡ್ಯೂಟಿ ಬಿಟ್ಟು ಮನೇಲಿ ಕೂರಲಾ?"

ಮೂವತ್ತು ದಾಟಿದ ಮೇಲೆ ಮತ್ತೆ ಕಾಲೇಜು ಸೇರಿದಳು. ಮೊದಲು ಎಂ.ಎಸ್‌ಸಿ., ಆಮೇಲೆ ಸಂಶೋಧನೆ. ಗಂಡ ಸಿಟಿ ಬಸ್ ಡ್ರೈವರ್. ಒಳ್ಳೆಯ ಮನುಷ್ಯ, ಮಾತಿನಲ್ಲಿ ಮಾತ್ರ ಸ್ವಲ್ಪ ಖಾರ. "ಹೋಗು, ಓದು. ಮನೇಲಿ ನನ್ನ ಕಿವಿಗಾದ್ರೂ ರಜ ಸಿಗುತ್ತೆ," ಎಂದ. ಆದರೆ ಮಗಳ ಶಾಲೆಯ ಬುತ್ತಿ ಕಟ್ಟುವುದನ್ನು ಆವತ್ತಿನಿಂದ ಅವನೇ ವಹಿಸಿಕೊಂಡ.

ಕಾಲೇಜಿನಲ್ಲಿ ಅವಳಿಗೆ ಮಾರ್ಗದರ್ಶಕರಾದ ಮೇಷ್ಟ್ರು ತಿಳಿದವರು, ಅನುಭವಸ್ಥರು, ಆಸೆ ಹುಟ್ಟಿಸುವ ಜಾತಿಯವರಲ್ಲ. ಮೊದಲ ದಿನವೇ ಹೇಳಿದರು: "ಎಲ್ಲರೂ ಅಗೆದು ಅಗೆದು ಬಿಟ್ಟುಹೋದ ಗಣಿ ಇದಮ್ಮ. ದೊಡ್ಡ ದೊಡ್ಡ ಔಷಧ ಕಂಪನಿಗಳೇ ಬಾಗಿಲು ಹಾಕಿಕೊಂಡು ಹೋದವು. ಸಾವಿರ ಮಣ್ಣು ಜಾಲಿಸಿದ್ರೆ ಒಂದೇನೋ ಸಿಗಬಹುದು, ನೋಡಿದ್ರೆ ಅದೂ ಯಾರೋ ಆಗಲೇ ಕಂಡುಹಿಡಿದದ್ದೇ ಆಗಿರುತ್ತೆ. ನಾನೇ ಎರಡು ಸಲ ಸೋತಿದ್ದೀನಿ."

"ಸೋತು ಏನು ಕಲಿತ್ರಿ ಸಾರ್? ಅದನ್ನೇ ಮೊದಲು ಹೇಳಿಕೊಡಿ," ಎಂದಳಂತೆ ಇವಳು.

ಅವಳ ಹೆಸರು ಹೋಗಿ ಮಣ್ಣಕ್ಕ ಬಂದದ್ದು ಆಗ. ಕೈಚೀಲದಲ್ಲಿ ಯಾವಾಗಲೂ ಒಂದು ಚಮಚ, ಒಂದಷ್ಟು ಸಣ್ಣ ಡಬ್ಬಿಗಳು. ಪಾರ್ಕಿನ ಬೇಲಿ, ಮೋರಿ ಪಕ್ಕ, ಹಳೆಯ ಗೋಡೆಯ ಬುಡ, ಸ್ಮಶಾನದ ಮೂಲೆ, ಎಲ್ಲಿ ಕಂಡರೂ ಕುಕ್ಕರಗಾಲಲ್ಲಿ ಕೂತು ಕೆದಕುತ್ತಿದ್ದಳು. ಗಂಡ ಬಸ್ಸಿನ ಕೊನೆಯ ನಿಲ್ದಾಣಗಳಿಂದ ಮಣ್ಣು ತಂದುಕೊಡುತ್ತಿದ್ದ. ಅಪ್ಪನ ಅಂಗಡಿಗೆ ಬರುವ ಗಿರಾಕಿಗಳಿಗೂ ಹೊಸ ಕರಾರು: ಬಟ್ಟೆ ಬೇಗ ಬೇಕಿದ್ದರೆ ಒಂದು ಪೊಟ್ಟಣ ಮಣ್ಣು ತನ್ನಿ. ಮನೆಯ ಫ್ರಿಜ್ಜಿನ ಬಾಗಿಲು ತೆಗೆದರೆ ಹಾಲಿಗಿಂತ ಮೊದಲು ಮಣ್ಣಿನ ಡಬ್ಬಿ ಕೈಗೆ ಸಿಗುತ್ತಿತ್ತು.

"ಅಮ್ಮಾ, ಎಲ್ಲರ ಮನೇಲೂ ಫ್ರಿಜ್ಜಲ್ಲಿ ತಿನ್ನೋದು ಇರುತ್ತೆ," ಎಂದು ಮಗಳು ದೂರಿದಳು.

"ನಮ್ಮಲ್ಲೂ ತಿನ್ನೋವೇ ಇವೆ. ನಿನ್ನ ಕಣ್ಣಿಗೆ ಕಾಣಲ್ಲ ಅಷ್ಟೇ," ಎಂದ ಡ್ರೈವರ್.

ಕೆಲಸದ ಕ್ರಮ ಸರಳ. ಚಿಟಿಕೆ ಮಣ್ಣನ್ನು ನೀರಿನಲ್ಲಿ ಕದಡಿ, ತಿಳಿ ಮಾಡಿ, ತಟ್ಟೆಯ ಮೇಲೆ ಸವರಬೇಕು. ನಾಲ್ಕಾರು ದಿನಕ್ಕೆ ಬ್ಯಾಕ್ಟೀರಿಯಾ ಚುಕ್ಕೆ ಚುಕ್ಕೆಯಾಗಿ ಮನೆ ಕಟ್ಟಿಕೊಳ್ಳುತ್ತವೆ. ಅವುಗಳನ್ನು ಒಂದೊಂದಾಗಿ ಬೇರ್ಪಡಿಸಿ, ಅಪ್ಪನ ಗಾಯದ ರೋಗಾಣುವಿನ ಎದುರು ನಿಲ್ಲಿಸಬೇಕು. ಆ ರೋಗಾಣುವನ್ನು ಅವಳು ಮೇಲಿನವರ ಒಪ್ಪಿಗೆ ಪಡೆದು ಲ್ಯಾಬಿನ ಶೈತ್ಯಪೆಟ್ಟಿಗೆಯಲ್ಲಿ ಕಾದಿರಿಸಿದ್ದಳು. ಹಗೆಯನ್ನು ಮನೆಯಲ್ಲೇ ಸಾಕಿದ್ದೀನಿ ಎನ್ನುತ್ತಿದ್ದಳು. ಮಣ್ಣಿನ ಮೇಲೆ ಮಣ್ಣು ಬಂತು, ಹೋಯಿತು. ಹಗೆ ಮಾತ್ರ ಸುಲಭಕ್ಕೆ ಜಗ್ಗಲಿಲ್ಲ. ಜಗ್ಗಿದ ಒಂದೆರಡರಲ್ಲೂ ಮೇಷ್ಟ್ರು ಹೇಳಿದಂತೆ ಯಾರೋ ಆಗಲೇ ಕಂಡುಹಿಡಿದು, ಮನುಷ್ಯರಿಗೆ ಕೊಡಲಾಗದೆಂದು ಬಿಟ್ಟ ವಸ್ತುಗಳೇ ಇದ್ದವು.

ವರ್ಷಗಳು ಹಾಗೆಯೇ ಉರುಳಿದವು. ಅವಳ ಜೊತೆ ಸಂಶೋಧನೆಗೆ ಸೇರಿದವರು ಮುಗಿಸಿ ಕೆಲಸಕ್ಕೆ ಹೋದರು. "ಸಾಕು ಬಿಡೆ, ನಿನ್ನ ಕಣ್ಣು ಗುಳಿ ಬಿದ್ದಿವೆ," ಎಂದರೆ, "ಗುಳಿ ಬಿದ್ರೆ ಒಳ್ಳೇದೇ, ಅಲ್ಲಿಂದಲೂ ಒಂದು ಚಮಚ ಮಣ್ಣು ಸಿಗುತ್ತೆ," ಎಂದು ನಗುತ್ತಿದ್ದಳು. ನಗು ಮುಗಿದ ಮೇಲೆ ಹೋಗಿ ಮತ್ತೆ ತಟ್ಟೆ ತೊಳೆಯುತ್ತಿದ್ದಳು.

ಆಗ ಬಂದದ್ದು ಬಾವಿಯ ಮಣ್ಣು. ದರ್ಜಿಯಪ್ಪನ ಗಿರಾಕಿಗಳಲ್ಲಿ ಬಾವಿ ತೋಡುವವನೊಬ್ಬನಿದ್ದ. ಮಾತು ಕಮ್ಮಿ, ಹೆಗಲು ಅಗಲ. ಊರ ಹೊರಗೆ ಇಟ್ಟಿಗೆ ಸುಡುವವರಿಗಾಗಿ ಬಾವಿ ತೋಡುತ್ತಿದ್ದಾಗ ನೀರು ಸಿಗುವ ಸ್ವಲ್ಪ ಮೊದಲು ನೀಲಿ ಛಾಯೆಯ ಜಿಗುಟು ಮಣ್ಣು ಬಂತಂತೆ. ಪ್ಯಾಂಟಿನ ಅಳತೆ ಕೊಡಲು ಬಂದವನು ಎಲೆಯಲ್ಲಿ ಸುತ್ತಿದ ಮುಷ್ಟಿಯಷ್ಟು ಮಣ್ಣನ್ನು ಮೇಜಿನ ಮೇಲಿಟ್ಟು, "ಇಂಥ ಬಣ್ಣ ನಾನು ನೋಡಿಲ್ಲ. ನಿಮ್ಮ ಮಗಳಿಗೆ ಕೊಡಿ," ಎಂದು ಹೇಳಿ ಹೋದ.

ಆ ಮಣ್ಣಿನ ತಟ್ಟೆಯನ್ನು ಅವಳು ನನಗೂ ತೋರಿಸಿದಳು. ಸುಣ್ಣದ ಪುಡಿ ಉದುರಿಸಿದಂತೆ ಒಣ ಒಣ ಚುಕ್ಕೆ, ಕೆಳಗಡೆ ತೆಳು ಕಿತ್ತಳೆ ಬಣ್ಣ. ಮುಚ್ಚಳ ತೆಗೆದರೆ ಮೊದಲ ಮಳೆಗೆ ನೆಲ ನೆನೆದ ವಾಸನೆ. ಮಣ್ಣಿಗೆ ಆ ವಾಸನೆ ಕೊಡುವ ಬಳಗದ ಬ್ಯಾಕ್ಟೀರಿಯಾ ಅದು. ಹಗೆಯ ಎದುರು ಇಟ್ಟಾಗ ಅದರ ಸುತ್ತ ಖಾಲಿ ಜಾಗ ಬಿದ್ದಿತ್ತು. ಅಚ್ಚುಕಟ್ಟಾದ ಉಂಗುರವಲ್ಲ, ಒಂದು ಪಕ್ಕಕ್ಕೆ ಹೊಟ್ಟೆ ಬಂದಂತೆ ಉಬ್ಬಿದ ಸೊಟ್ಟ ಉಂಗುರ. ಆ ಉಬ್ಬಿನ ಕಡೆ ಯಾವುದೋ ಲೋಳೆಯಂಥ ಸಣ್ಣ ಬ್ಯಾಕ್ಟೀರಿಯಾ ಅಂಟಿಕೊಂಡಿತ್ತು. ಕಸ ಸೇರಿದೆಯೆಂದು ಅವಳು ಅದನ್ನು ಬಿಟ್ಟು ಕಿತ್ತಳೆಯದನ್ನು ಮಾತ್ರ ಎತ್ತಿ ಹೊಸ ತಟ್ಟೆಗೆ ಹಾಕಿದಳು. ನಾವೆಲ್ಲ ಹಾಗೆಯೇ ಮಾಡುತ್ತಿದ್ದೆವು.

ಆವತ್ತು ಮನೆಯಲ್ಲಿ ಎಲ್ಲರೂ ಕುಣಿದದ್ದೇ ಕುಣಿದದ್ದು. ದರ್ಜಿಯಪ್ಪ ಬಾವಿಯವನ ಪ್ಯಾಂಟನ್ನು ಎಲ್ಲ ಬಟ್ಟೆಗಿಂತ ಮೊದಲು ಹೊಲಿದು ಕೊಟ್ಟರು.

ಕಿತ್ತಳೆ ಬ್ಯಾಕ್ಟೀರಿಯಾ ಎರಡನೆಯ ತಟ್ಟೆಯಲ್ಲಿ ಕೊಂಚ ಕೆಲಸ ಮಾಡಿತು. ಆಮೇಲೆ ನಿಲ್ಲಿಸಿಬಿಟ್ಟಿತು. ಚೆನ್ನಾಗಿ ಬೆಳೆಯುತ್ತಿತ್ತು, ಮಳೆಯ ವಾಸನೆಯನ್ನೂ ಬೀರುತ್ತಿತ್ತು, ಆದರೆ ಹಗೆ ಅದರ ಮೈಮೇಲೇ ಹತ್ತಿ ಕೂತರೂ ಸುಮ್ಮನಿರುತ್ತಿತ್ತು. ಮೇವು ಬದಲಿಸಿದಳು, ಬಿಸಿ ಹೆಚ್ಚು ಕಮ್ಮಿ ಮಾಡಿದಳು. ಏನೂ ಆಗಲಿಲ್ಲ.

"ಹೀಗಾಗುತ್ತಮ್ಮ," ಎಂದರು ಮೇಷ್ಟ್ರು. "ಕಾಡಲ್ಲಿ ಹುಲಿ, ಮನೇಲಿ ಬೆಕ್ಕು. ಲ್ಯಾಬಿಗೆ ಬಂದು ಸುಖ ಕಂಡ ಮೇಲೆ ಮದ್ದು ಮಾಡೋದು ಬಿಡುತ್ತೆ. ಇದನ್ನ ಇಲ್ಲಿಗೇ ಬಿಟ್ಟು, ಸಿಕ್ಕಿರೋದನ್ನೇ ಬರೆದು ಡಿಗ್ರಿ ಮುಗಿಸಿ."

ಅವಳು ಬಿಡಲಿಲ್ಲ. ಹಲವು ದಿನ ಮಂಕಾಗಿ ಓಡಾಡಿದಳು. ನನ್ನ ಎದುರು ಕೂತು ತಟ್ಟೆಗಳನ್ನು ತೊಳೆಯುತ್ತ ಒಂದು ಬೆಳಿಗ್ಗೆ ತಟ್ಟನೆ ಕೈ ನಿಲ್ಲಿಸಿದಳು.

"ಆ ಉಂಗುರ ಸೊಟ್ಟಗೆ ಯಾಕಿತ್ತು?"

"ಯಾವ ಉಂಗುರ?"

"ಮೊದಲನೇ ತಟ್ಟೇದು. ಲೋಳೆ ಇದ್ದ ಕಡೇನೇ ಯಾಕೆ ಉಬ್ಬಿತ್ತು? ಪಕ್ಕದಲ್ಲಿ ಜಗಳಗಂಟಿ ಇದ್ದಿದ್ದಕ್ಕೇ ತಾನೆ ಇದು ವಿಷ ಉಗುಳಿದ್ದು? ಜಗಳ ಆಡೋಕೆ ಯಾರೂ ಇಲ್ಲದ ಮನೇಲಿ ಯಾರಾದ್ರೂ ದೊಣ್ಣೆ ಇಟ್ಟುಕೊಳ್ತಾರೇನೆ? ನಾನೇ ಅದರ ನೆರೆಯವನನ್ನ ಓಡಿಸಿಬಿಟ್ಟೆ!"

ಲೋಳೆಯ ಬ್ಯಾಕ್ಟೀರಿಯಾ ಇದ್ದ ತಟ್ಟೆ ಎಂದೋ ರೋಗಾಣು ಸಾಯಿಸಲು ಕುದಿಸುವ ಡಬ್ಬಿ ಸೇರಿ ತೊಳೆದುಹೋಗಿತ್ತು. ಎಲೆಯಲ್ಲಿ ಬಂದ ಮಣ್ಣೂ ಪರೀಕ್ಷೆಗಳಲ್ಲಿ ಮುಗಿದಿತ್ತು. ಬಾವಿಯವನನ್ನು ಹುಡುಕಿಕೊಂಡು ಹೋದೆವು. ಆ ಬಾವಿಗೆ ಸಿಮೆಂಟಿನ ಬಳೆ ಇಳಿಸಿ ಆಗಿತ್ತು, ನೀರು ಮೇಲಕ್ಕೆ ಬಂದಿತ್ತು. ಮಣ್ಣಕ್ಕ ಬಾವಿಯ ಕಟ್ಟೆ ಹಿಡಿದು ಕೆಳಗೆ ನೋಡುತ್ತ ಬಹಳ ಹೊತ್ತು ನಿಂತಳು. ಬಾವಿಯವನಿಗೆ ಕನಿಕರ ಬಂತೋ ಏನೋ.

"ಅಕ್ಕಾ, ಆಚೆ ಹೊಲದಲ್ಲಿ ಇನ್ನೊಂದು ತೋಡ್ತಾ ಇದ್ದೀನಿ. ಅದೇ ನೆಲ. ನೀಲಿ ಮಣ್ಣು ಈ ವಾರದಲ್ಲಿ ತಗುಲಬೇಕು. ಬಂದ ತಕ್ಷಣ ಕಳಿಸ್ತೀನಿ," ಎಂದ.

"ಕಳಿಸೋದು ಬೇಡ ಅಣ್ಣ. ಗುದ್ದಲಿಗೆ ಮೇಲಿನ ಮಣ್ಣು ಮೆತ್ತಿರುತ್ತೆ, ಬುಟ್ಟೀಲಿ ಹತ್ತು ಮಣ್ಣು ಸೇರಿರುತ್ತೆ. ನನಗೆ ಆ ಪದರದ್ದು ಮಾತ್ರ ಬೇಕು. ಸುಟ್ಟು ಶುದ್ಧ ಮಾಡಿದ ಚಮಚದಲ್ಲಿ ನಾನೇ ತೆಗೀಬೇಕು. ನಾನೇ ಇಳೀತೀನಿ."

ಅವನು ನನ್ನ ಮುಖ ನೋಡಿದ. ನಾನು ಅವಳ ಮುಖ ನೋಡಿದೆ. ಅವಳು ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಷ್ಟು ಆಳವಿದೆ ಎಂದು ಕೇಳುತ್ತಿದ್ದಳು.

ನೀಲಿ ಮಣ್ಣು ಬಂದಿದೆಯೆಂದು ಅವನು ಹೇಳಿ ಕಳಿಸಿದ ದಿನ ಗಂಡನೂ ರಜ ಹಾಕಿ ಬಂದ. ಬೆಳಗಿನ ಬಿಸಿಲು. ಅಗಲ ಬಾಯಿಯ ಬಾವಿ, ಪಕ್ಕದಲ್ಲಿ ಕೆಂಪು ಮಣ್ಣಿನ ಗುಡ್ಡೆ, ಅದರ ತುದಿಯಲ್ಲಿ ಆಗಷ್ಟೇ ಎತ್ತಿ ಸುರಿದ ನೀಲಿ ಹೆಂಟೆಗಳು. ಬಾವಿಯವನು ಮೊದಲು ಹೊತ್ತಿಸಿದ ಲಾಂದ್ರವನ್ನು ಹಗ್ಗದಲ್ಲಿ ಕಟ್ಟಿ ತಳದವರೆಗೂ ಇಳಿಸಿದ. ಅದು ಆರದೆ ಉರಿಯಿತು. "ಗಾಳಿ ಸರಿ ಇದೆ," ಎಂದ. ಆಮೇಲೆ ಅವಳ ಸೊಂಟಕ್ಕೆ ಹಗ್ಗ ಬಿಗಿದು, ಮಣೆ ಕಟ್ಟಿದ ಇನ್ನೊಂದು ಹಗ್ಗದಲ್ಲಿ ಅವಳನ್ನು ಕೂರಿಸಿದ.

"ಬೇಡ ಅಂದ್ರೆ ಕೇಳ್ತೀಯಾ?" ಎಂದ ಗಂಡ.

"ಕೇಳಲ್ಲ."

"ಗೊತ್ತಿತ್ತು. ಅದಕ್ಕೇ ಹಗ್ಗ ಹಿಡಿಯೋಕೆ ಬಂದೆ."

ರಾಟೆ ಕಿರುಗುಟ್ಟಿತು. ಅವಳು ಹಾಕಿಕೊಂಡಿದ್ದ ಲ್ಯಾಬಿನ ಬಿಳಿಯ ಟೋಪಿ ಕೆಳಗೆ ಕೆಳಗೆ ಹೋಗಿ ಬಿಲ್ಲೆಯಷ್ಟಾಯಿತು. ಗಂಡ ತುಟಿ ಕಚ್ಚಿಕೊಂಡು ಹಗ್ಗ ಬಿಡುತ್ತಿದ್ದ. ಕೆಳಗಿನಿಂದ ಒಂದು ಮಣ್ಣುಹೆಂಟೆ ಉದುರಿ ತಳದಲ್ಲಿ ಒಸರಿದ್ದ ನೀರಿಗೆ ಬಿದ್ದ ಸದ್ದಾಯಿತು, ಅದರ ಹಿಂದೆಯೇ ಅವಳ ಕೂಗು. ಗಂಡ ಹಗ್ಗವನ್ನು ಬಿಗಿಹಿಡಿದು ನಿಲ್ಲಿಸಿದ. "ಏನಾಯ್ತೇ?" ಎಂದು ನಾನು ಬಾವಿಯೊಳಗೆ ಬಗ್ಗಿ ಕಿರುಚಿದೆ.

"ಕಪ್ಪೆ!" ಎಂದು ಬಾವಿಯೇ ಮಾತಾಡಿದಂತೆ ಉತ್ತರ ಬಂತು. "ಕಪ್ಪೆ ಹಾರ್ತು, ಅಷ್ಟೇ! ಹಗ್ಗ ಹಿಡ್ಕೊಳ್ಳಿ!"

ಮೇಲೆ ಬಂದಾಗ ಅವಳ ಮುಖ, ಕೈ, ಸೀರೆ ಎಲ್ಲ ನೀಲಿ ಕೆಸರು. ಡಬ್ಬಿಗಳು ಮಾತ್ರ ಎದೆಗವುಚಿದ ಚೀಲದಲ್ಲಿ ಒಂದಿಷ್ಟೂ ಕೊಳೆಯಾಗದೆ ಇದ್ದವು. ನೆಲದ ಮೇಲೆ ಕೂತು ಸುಧಾರಿಸಿಕೊಂಡು ಹೇಳಿದಳು: "ಇನ್ನೊಂದು ಸಲ ಇಳೀರಿ ಅಂದ್ರೆ ಇಳೀತೀನಿ. ಆದ್ರೆ ಯಾರೂ ಅನ್ನಬೇಡಿ."

ಆ ಮಣ್ಣಿನಲ್ಲಿ ಕಿತ್ತಳೆಯೂ ಸಿಕ್ಕಿತು, ಲೋಳೆಯೂ ಸಿಕ್ಕಿತು. ಎರಡನ್ನೂ ಹಗೆ ಸವರಿದ ಒಂದೇ ತಟ್ಟೆಯಲ್ಲಿ ಅಕ್ಕಪಕ್ಕ ಬೆಳೆಸಿದಳು. ಲೋಳೆ ಹತ್ತಿರ ಹತ್ತಿರ ಬಂದಂತೆ ಕಿತ್ತಳೆ ಬಣ್ಣ ಕಡುವಾಯಿತು, ಹಗೆಯ ನಡುವೆ ಖಾಲಿ ಜಾಗ ಬೀಳುತ್ತ ಹೋಯಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. "ಇದನ್ನ ಮತ್ತೆ ಮಾಡಿ ತೋರಿಸಿ," ಎಂದರು. ಅವಳು ಮತ್ತೆ ಮಾಡಿದಳು. ಮತ್ತೊಮ್ಮೆ ಅಂದರು, ಮತ್ತೊಮ್ಮೆ ಮಾಡಿದಳು. ಅಲ್ಲಿಂದಾಚೆಗೆ ಮೇಷ್ಟ್ರೂ ಅವಳ ಜೊತೆ ಕೋಟು ಕಳಚದೆ ದುಡಿದರು. ಕಿತ್ತಳೆ ಬ್ಯಾಕ್ಟೀರಿಯಾ ಉಗುಳಿದ ರಸದಿಂದ ಒಂದೇ ಒಂದು ವಸ್ತುವನ್ನು ಬೇರ್ಪಡಿಸಿ, ಬೇರೆ ಊರಿನ ದೊಡ್ಡ ಯಂತ್ರಗಳಿಗೆ ಕಳಿಸಿ, ಅದರ ರಚನೆ ತಿಳಿದುಕೊಂಡರು. ತಿಳಿದ ಯಾವ ಮದ್ದಿಗೂ ಅದು ಪೂರ್ತಿ ಹೊಂದಲಿಲ್ಲ. ಹೊಸದು.

ಇನ್ನೇನು ದಡ ಸೇರಿದೆವು ಅನ್ನುವಾಗಲೇ ಪೆಟ್ಟು ಬಿತ್ತು. ಮನುಷ್ಯರ ಮೂತ್ರಪಿಂಡದ ಜೀವಕೋಶಗಳನ್ನು ಗಾಜಿನಲ್ಲಿ ಬೆಳೆಸಿ ಅವುಗಳ ಮೇಲೆ ಹಾಕಿ ನೋಡಿದಾಗ, ರೋಗಾಣುವನ್ನು ಕೊಲ್ಲುವಷ್ಟು ಪ್ರಮಾಣದಲ್ಲಿ ಅದು ಅವನ್ನೂ ಕೊಲ್ಲುತ್ತಿತ್ತು. ಗಾಯಕ್ಕೆ ಮದ್ದಾಗಿ ಅದನ್ನು ಯಾರ ಮೈಗೂ ಕೊಡುವಂತಿರಲಿಲ್ಲ.

ಆವತ್ತು ಅವಳು ಸೀದಾ ಅಪ್ಪನ ಅಂಗಡಿಗೆ ಹೋದಳು. ನಾನೂ ಜೊತೆಗಿದ್ದೆ. ಮೆಟ್ಟಿಲ ಕೆಳಗೆ ತಲೆ ತಗ್ಗಿಸಿ ಸ್ಟೂಲಿನ ಮೇಲೆ ಕೂತಳು.

"ಅಪ್ಪಾ, ಆಗಲಿಲ್ಲ. ರೋಗಾಣು ಸಾಯುತ್ತೆ, ಜೊತೆಗೆ ಮನುಷ್ಯಾನೂ ಸಾಯ್ತಾನೆ."

ದರ್ಜಿಯಪ್ಪ ಯಂತ್ರ ನಿಲ್ಲಿಸಿದರು. ಬಾಯಲ್ಲಿ ಕಚ್ಚಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು. "ಅಂಗಿಗೆ ಅಂತ ಕತ್ತರಿಸಿದ ಬಟ್ಟೆ ಅಂಗಿಗೆ ಸಾಲದೇ ಹೋದ್ರೆ ನಾನೇನು ಮಾಡ್ತೀನಿ? ಮೋರಿಗೆ ಹಾಕ್ತೀನಾ?"

"ಇಲ್ಲ."

"ಇನ್ಯಾರ ಅಳತೆಗೆ ಸರಿಹೋಗುತ್ತೆ ನೋಡ್ತೀನಿ. ನೀನೂ ನೋಡು. ಯಾರ ಮೈಗೂ ಆಗದ ಬಟ್ಟೆ ಅಂತ ಇದುವರೆಗೂ ನನ್ನ ಕೈಗೆ ಬಂದಿಲ್ಲ."

ಅವಳು ಆವತ್ತು ಅಲ್ಲೇ ಸ್ವಲ್ಪ ಅತ್ತಳು. ಅಪ್ಪ ಅವಳ ತಲೆ ಮುಟ್ಟಲು ಕೈ ಚಾಚಿದರು, ಯಂತ್ರ ಅಡ್ಡ ಬಂತು. ಕೊನೆಗೆ ಒಂದು ತುಂಡು ಬಟ್ಟೆ ಕೊಟ್ಟು ಕಣ್ಣೊರೆಸಿಕೋ ಎಂದರು.

ಮರುದಿನ ಮೇಷ್ಟ್ರೊಂದಿಗೆ ಕೂತು ಅಂಕಿಗಳನ್ನು ಮತ್ತೆ ನೋಡಿದಳು. ಹೆಚ್ಚು ಬೇಗ ಇಮ್ಮಡಿಯಾಗುವ ಜೀವಕೋಶಗಳೇ ಹೆಚ್ಚು ಬೇಗ ಸಾಯುತ್ತಿದ್ದವು. ಕ್ಯಾನ್ಸರ್ ಎಂದರೆ ತಡೆಯಿಲ್ಲದೆ ಇಮ್ಮಡಿಯಾಗುವ ಜೀವಕೋಶಗಳೇ ತಾನೆ? ದೂರದ ಒಂದು ಕ್ಯಾನ್ಸರ್ ಸಂಶೋಧನಾ ಕೇಂದ್ರಕ್ಕೆ ಸೀಸೆಯಲ್ಲಿ ಚೂರು ಕಿತ್ತಳೆ ಪುಡಿ ಕಳಿಸಿದಳು. ಉತ್ತರ ಬೇಗ ಬರಲಿಲ್ಲ. ಅವಳು ಸುಮ್ಮನೆ ಕಾಯಲೂ ಇಲ್ಲ. ನೆನಪಿಸಿ, ಫೋನು ಮಾಡಿ, ಇನ್ನಷ್ಟು ಪುಡಿ ಮಾಡಿ ಕಳಿಸಿ, ಅಲ್ಲಿಯವರನ್ನು ಬೇಸರಪಡಿಸಿದಳು. ಕೊನೆಗೆ ಅಲ್ಲಿನ ವಿಜ್ಞಾನಿ ಅವಳಿಗೇ ಫೋನ್ ಮಾಡಿದರು. ರಕ್ತದ ಕ್ಯಾನ್ಸರಿನ ಒಂದು ಬಗೆಯ ಜೀವಕೋಶಗಳು ಬಹಳ ಕಡಿಮೆ ಪ್ರಮಾಣಕ್ಕೇ ಸಾಯುತ್ತಿವೆ, ಆ ಪ್ರಮಾಣದಲ್ಲಿ ಮೂತ್ರಪಿಂಡದ ಜೀವಕೋಶಗಳಿಗೆ ಅಷ್ಟೇನೂ ತೊಂದರೆಯಿಲ್ಲ. ಮುಂದುವರಿಸೋಣ ಎಂದರು.

ಫೋನ್ ಇಟ್ಟು ಅವಳು ನನ್ನ ಕಡೆ ತಿರುಗಿದಳು. ಕೈಸನ್ನೆಯಲ್ಲಿ ಮೇಲಿನ ಮಹಡಿ ತೋರಿಸಿದಳು. ಕ್ಯಾನ್ಸರ್ ವಾರ್ಡು ಇರುವುದು ಅಲ್ಲಿ.

ಇದು ನಡೆದು ಕೆಲವು ವರ್ಷಗಳಾದವು. ಕಿತ್ತಳೆ ವಸ್ತು ಈಗ ಇಲಿಗಳ ಮೇಲಿನ ಪರೀಕ್ಷೆ ದಾಟಿ ಇನ್ನೂ ದೊಡ್ಡ ಪರೀಕ್ಷೆಗೆ ಕಾಯುತ್ತಿದೆ. ಮದ್ದಾಗಿ ವಾರ್ಡಿಗೆ ಬರುವುದಕ್ಕೆ ಬಹಳ ಕಾಲ ಬೇಕು, ಬರದೆಯೂ ಹೋಗಬಹುದು. ಅದನ್ನು ಅವಳು ಯಾರಿಗೂ ಮುಚ್ಚಿಡುವುದಿಲ್ಲ. ಕ್ಯಾನ್ಸರ್ ವಾರ್ಡಿನ ಯಾರೋ ಒಬ್ಬರ ತಾಯಿ ಸುದ್ದಿ ಕೇಳಿ ಕೆಳಗಿಳಿದು ಬಂದು ಅವಳ ಕೈ ಹಿಡಿದಾಗಲೂ, "ನಿಮ್ಮ ಮಗನಿಗೆ ಇದು ಸಿಗೋ ಹಾಗಿಲ್ಲಮ್ಮ, ಈಗಿರೋ ಮದ್ದುಗಳೇ ಕೆಲಸ ಮಾಡ್ತಿವೆ, ಅವನ್ನ ತಪ್ಪಿಸಬೇಡಿ," ಎಂದು ನೇರವಾಗಿ ಹೇಳಿದಳು. ಆ ತಾಯಿ ಸ್ವಲ್ಪ ಹೊತ್ತು ಅವಳ ಪಕ್ಕದಲ್ಲೇ ಕೂತು ಹೋದರು.

ಅವಳಿಗೆ ಡಾಕ್ಟರೇಟ್ ಬಂತು. ಕಾಲೇಜಿನವರು ಪಾಠಕ್ಕೆ ಕರೆದರು. ವಾರಕ್ಕೆ ಎರಡು ದಿನ ಹೋಗುತ್ತಾಳೆ, ಉಳಿದ ದಿನ ನನ್ನ ಪಕ್ಕದ ಮೇಜಿನಲ್ಲೇ ಕೀವು, ಕಫ ನೋಡುತ್ತಾಳೆ. ಯಾಕೆ ಎಂದರೆ, "ಹಗೆ ಇನ್ನೂ ಸತ್ತಿಲ್ಲವಲ್ಲ," ಎನ್ನುತ್ತಾಳೆ. ನಿಜ. ಅಪ್ಪನ ಕಾಲು ತಿಂದ ರೋಗಾಣುವಿಗೆ ಮದ್ದು ಇನ್ನೂ ಸಿಕ್ಕಿಲ್ಲ. ಅಂಥ ತಟ್ಟೆ, ಉಂಗುರವೇ ಇಲ್ಲದ್ದು, ತಿಂಗಳಿಗೆ ಒಂದಾದರೂ ನಮ್ಮ ಕಿಟಕಿಗೆ ಬಂದೇ ಬರುತ್ತದೆ. ಆದರೆ ಈಗ ಅವಳು ಮಣ್ಣಿನ ಬ್ಯಾಕ್ಟೀರಿಯಾಗಳನ್ನು ಒಂಟಿಯಾಗಿ ಬೆಳೆಸುವುದಿಲ್ಲ. ಜೋಡಿ ಜೋಡಿಯಾಗಿ, ಜಗಳಕ್ಕೆ ಬಿಟ್ಟು ನೋಡುತ್ತಾಳೆ. ಮೊದಲು ಸುಮ್ಮನಿದ್ದ ಎಷ್ಟೋ ಮಣ್ಣುಗಳು ಈಗ ಬಾಯಿ ಬಿಡುತ್ತಿವೆ.

ಮೊನ್ನೆ ಸೋಮವಾರ ಬೆಳಿಗ್ಗೆ ಬಂದವಳೇ ಹಗೆ ಸವರಿದ ಒಂದು ತಟ್ಟೆಯನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ನಡುವೆ ಒಂದು ಬೂದು ಚುಕ್ಕೆ, ಅದರ ಪಕ್ಕದಲ್ಲಿ ಕೂದಲೆಳೆಯಷ್ಟು ಖಾಲಿ ಜಾಗ.

"ಇದೇನೇ, ಕಣ್ಣಿಗೇ ಕಾಣಿಸ್ತಿಲ್ಲ," ಎಂದೆ.

"ಕಾಣುತ್ತೆ. ಸರಿಯಾಗಿ ನೋಡು," ಎಂದಳು, ಕೈಗವಸು ಹಾಕಿಕೊಳ್ಳುತ್ತ.